ನೋವಿಗೆ ಮೈಯೊಳಗಿನ ಮದ್ದು



ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತುವ ನೂಕುನುಗ್ಗಲು ಮುಂಬೈಯಲ್ಲಿ ಇರುವವರಿಗೆ ಗೊತ್ತೇ ಇದೆ. ಒಂದು ದಿನ ಅವಸರದಲ್ಲಿ ಹತ್ತುವಾಗ ನನ್ನ ಎಡಗಾಲಿನ ಹೆಬ್ಬೆರಳು ಬಾಗಿಲ ಅಂಚಿಗೆ ಬಡಿಯಿತು. ಬಡಿದದ್ದು ಗೊತ್ತಾಯಿತು, ನೋವು ಗೊತ್ತಾಗಲಿಲ್ಲ. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಚೀಲ, ನಾಲ್ಕೂ ಕಡೆ ಜನ. ಠಾಣೆ ದಾಟಿತು. ಘಾಟ್‌ಕೋಪರಿನಲ್ಲಿ ಒಬ್ಬರು ಎದ್ದರು, ಕೂರಲು ಜಾಗ ಸಿಕ್ಕಿತು. ಕೂತು ಕೆಳಗೆ ನೋಡುತ್ತೇನೆ, ಚಪ್ಪಲಿಯ ತುಂಬ ರಕ್ತ. ಉಗುರು ಅರ್ಧ ಕಿತ್ತುಬಂದಿದೆ. ಆಗ ಶುರುವಾಯಿತು ನೋವು. ದಾದರಿನಲ್ಲಿ ಇಳಿಯುವಾಗ ಕಾಲು ಊರಲು ಆಗಲಿಲ್ಲ.

ಅಷ್ಟು ಹೊತ್ತು ಆ ನೋವು ಎಲ್ಲಿತ್ತು?

ಬಹುಮಟ್ಟಿಗೆ ನನ್ನ ಬೆನ್ನುಹುರಿಯಲ್ಲೇ ತಡೆದು ನಿಂತಿತ್ತು. ಕಾಲ್ಬೆರಳಿನಿಂದ ನೋವಿನ ಸುದ್ದಿ ಹೊತ್ತು ಬರುವ ನರ ನೇರವಾಗಿ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯ ಹಿಂಬದಿಗೆ ಬಂದು ಅಲ್ಲಿ ಇನ್ನೊಂದು ನರಕ್ಕೆ ಸುದ್ದಿ ದಾಟಿಸುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು. ಈಚೆಯ ನರ ಅಲ್ಲಿಗೆ ರಾಸಾಯನಿಕ ಸುರಿಸಬೇಕು, ಆಚೆಯ ನರ ಅದನ್ನು ಹಿಡಿದುಕೊಳ್ಳಬೇಕು. ಇದೇ ಜಾಗದಲ್ಲಿ ಪುಟ್ಟ ಪುಟ್ಟ ನರಕೋಶಗಳು ಎನ್‌ಕೆಫಾಲಿನ್ ಎಂಬ ವಸ್ತುವನ್ನು ಕೂಡಿಟ್ಟುಕೊಂಡಿವೆ. ಅಪಾಯದ ಹೊತ್ತಿನಲ್ಲಿ, ಮೊದಲು ಪಾರಾಗು, ನೋವು ಆಮೇಲೆ ನೋಡೋಣ ಎಂಬಂತೆ ನಡುಮಿದುಳಿನಿಂದ ಕೆಳಗೆ ಅಪ್ಪಣೆ ಬರುತ್ತದೆ. ಎನ್‌ಕೆಫಾಲಿನ್ ಹೊರಬೀಳುತ್ತದೆ. ಈಚೆಯ ನರದೊಳಕ್ಕೆ ಕ್ಯಾಲ್ಸಿಯಂ ನುಗ್ಗುವ ದಾರಿಯನ್ನು ಅದು ಮುಚ್ಚುತ್ತದೆ. ಕ್ಯಾಲ್ಸಿಯಂ ಬಾರದೆ ರಾಸಾಯನಿಕ ಸುರಿಯುವುದಿಲ್ಲ. ಆಚೆಯ ನರದಿಂದ ಪೊಟ್ಯಾಸಿಯಂ ಹೊರಹರಿಯುವಂತೆ ಮಾಡಿ ಅದನ್ನೂ ಮಂಕಾಗಿಸುತ್ತದೆ. ಬೆರಳು ಕೂಗುತ್ತಲೇ ಇರುತ್ತದೆ, ಕೂಗು ಮೇಲಕ್ಕೆ ಮುಟ್ಟುವುದಿಲ್ಲ.

ಇದು ಪತ್ತೆಯಾದ ಕಥೆ ನಮ್ಮ ಅಡುಗೆಮನೆಯ ಗಸಗಸೆಗೆ ನಂಟಿರುವ ಕಥೆ. ಪಾಯಸಕ್ಕೆ ಅರೆಯುವ ಗಸಗಸೆ ಯಾವ ಗಿಡದ್ದೋ, ಅದರ ಎಳೆಕಾಯಿಗೆ ಗೀರಿದಾಗ ಒಸರುವ ಹಾಲೇ ಅಫೀಮು. ಅದರಿಂದಲೇ ಮಾರ್ಫಿನ್. ಸಾವಿರಾರು ವರ್ಷಗಳಿಂದ ಅಫೀಮು ನೋವು ತಗ್ಗಿಸುತ್ತದೆಂದು ಜನ ಬಲ್ಲರು. 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ನರಗಳ ಮೇಲೆ ಈ ವಸ್ತು ಹೋಗಿ ಕೂರುವ ನಿರ್ದಿಷ್ಟ ಜಾಗಗಳಿವೆ ಎಂದು ತೋರಿಸಿದರು. ಬೀಗದಕೈಗೆ ತಕ್ಕ ಬೀಗ ಸಿಕ್ಕಂತಾಯಿತು. ಆದರೆ ಎಲ್ಲೋ ಹೊಲದಲ್ಲಿ ಬೆಳೆಯುವ ಗಿಡದ ಬೀಗದಕೈಗೆ ನಮ್ಮ ಮೈಯಲ್ಲಿ ಬೀಗ ಯಾಕಿರಬೇಕು? ಮೈ ತನ್ನದೇ ಬೀಗದಕೈ ಮಾಡಿಕೊಂಡಿರಬೇಕು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕಾಸ್ಟರ್‌ಲಿಟ್ಜ್ ಹಂದಿಗಳ ಮಿದುಳನ್ನು ಸೋಸಿ ಸೋಸಿ ಹುಡುಕಿದರು. 1975ರಲ್ಲಿ ಸಿಕ್ಕಿತು. ಬರೀ ಐದು ಅಮೈನೋ ಆಮ್ಲಗಳ ಸಣ್ಣ ಸರ. ಅದೇ ಎನ್‌ಕೆಫಾಲಿನ್.

ಇನ್ನೊಂದು ಪ್ರಯೋಗ ನನಗೆ ತುಂಬ ಹಿಡಿಸಿದ್ದು. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ದವಡೆಹಲ್ಲು ಕೀಳಿಸಿಕೊಂಡವರಿಗೆ ಮದ್ದೇ ಇಲ್ಲದ ಚುಚ್ಚುಮದ್ದು ಕೊಟ್ಟರು. ಕೆಲವರಿಗೆ ಅದರಿಂದಲೇ ನೋವು ಇಳಿಯಿತು. ಮಾರ್ಫಿನ್ನಿನ ಕೆಲಸ ತಡೆಯುವ ನಾಲಾಕ್ಸೋನ್ ಕೊಟ್ಟಾಗ ಅವರಿಗೆ ಮತ್ತೆ ನೋವು ಏರಿತು. ಅಂದರೆ ಔಷಧಿ ಸಿಕ್ಕಿತು ಎಂಬ ನಂಬಿಕೆಗೆ ಮೈಯೊಳಗಿನ ಮದ್ದನ್ನು ಹೊರತರುವ ಶಕ್ತಿ ಇದೆ. ರೋಗಿಯ ತಲೆದೆಸೆಯಲ್ಲಿ ಕೂತು ಧೈರ್ಯ ಹೇಳುವವರ ಮಾತು ಬರೀ ಮಾತಲ್ಲ.

ಇದನ್ನೆಲ್ಲ ನಾನು ಓದತೊಡಗಿದ್ದು ದೊಡ್ಡಪ್ಪನಿಂದಾಗಿ. ಗದಗಿನ ಹತ್ತಿರದ ಹಳ್ಳಿಯಿಂದ ಅವರನ್ನು ಕ್ಯಾನ್ಸರಿನ ಚಿಕಿತ್ಸೆಗೆಂದು ಮುಂಬೈಗೆ ಕರೆತಂದೆವು. ಪರೇಲಿನ ಚಾಳೊಂದರಲ್ಲಿ ಬಾಡಿಗೆ ಕೋಣೆ. ರೋಗ ಬೆನ್ನಿನ ಮೂಳೆಗೆ ಇಳಿದಿತ್ತು. ವೈದ್ಯರು ಮಾರ್ಫಿನ್ ಗುಳಿಗೆ ಬರೆದುಕೊಟ್ಟು, ನಾಲ್ಕು ತಾಸಿಗೊಮ್ಮೆ ತಪ್ಪದೆ ಕೊಡಿ ಎಂದರು. ನಾವು ಕೊಡಲಿಲ್ಲ. "ಅದು ಅಫೀಮಲ್ಲೇನು? ಚಟ ಹತ್ತತೈತಿ ಅಪ್ಪಗ," ಎಂದ ಅಣ್ಣ. ನನಗೂ ಹಾಗೇ ಅನ್ನಿಸಿತು. ತೀರಾ ನರಳಿದಾಗ ಮಾತ್ರ, ಅದೂ ಅರ್ಧ ಮುರಿದು ಕೊಡುತ್ತಿದ್ದೆವು. ದೊಡ್ಡಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿ, "ಮಾಡಿದ್ದು ಉಣ್ಣಬೇಕಲ್ಲಪಾ," ಎನ್ನುತ್ತಿದ್ದರು. ಹಾಸಿಗೆಯ ಅಂಚನ್ನು ಹಿಡಿದು ಹಿಡಿದು ಅವರ ಬೆರಳಿನ ಗೆಣ್ಣುಗಳು ಬಿಳಿಚಿಕೊಂಡಿದ್ದವು.

ನೋವು ಸಹಿಸುವುದು ದೊಡ್ಡ ಗುಣ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ನಮ್ಮ ಮೈ ಹಾಗೆ ನಂಬಿಲ್ಲ. ನಂಬಿದ್ದರೆ ನೋವು ಒಳಬರುವ ಬಾಗಿಲಲ್ಲೇ ಮದ್ದು ಇಟ್ಟುಕೊಳ್ಳುತ್ತಿರಲಿಲ್ಲ. ಆದರೆ ಆ ಮದ್ದು ಸ್ವಲ್ಪ ಹೊತ್ತಿನದು. ಬಿಡುಗಡೆಯಾದ ಎನ್‌ಕೆಫಾಲಿನ್ನನ್ನು ಕಿಣ್ವಗಳು ಬಲುಬೇಗ ಒಡೆದು ಹಾಕುತ್ತವೆ. ಕಿತ್ತ ಉಗುರಿಗೆ, ಓಡಿ ಪಾರಾಗುವ ಹೊತ್ತಿಗೆ ಅದು ಸಾಕು. ತಿಂಗಳುಗಟ್ಟಲೆ ಮೂಳೆ ಕೊರೆಯುವ ನೋವಿಗೆ ಸಾಲದು. ಅಷ್ಟೇ ಅಲ್ಲ, ನೋವಿನ ಸುದ್ದಿ ಬಿಡದೆ ಬರುತ್ತಿದ್ದರೆ ಬೆನ್ನುಹುರಿಯೇ ಹೆಚ್ಚು ಸೂಕ್ಷ್ಮವಾಗಿ, ಸಣ್ಣ ಮುಟ್ಟುವಿಕೆಗೂ ಚೀರತೊಡಗುತ್ತದೆ. ಆಗ ಹೊರಗಿನಿಂದ ಬಂದ ಮಾರ್ಫಿನ್ ಕೂರುವುದು ಎನ್‌ಕೆಫಾಲಿನ್ ಕೂರುವಂಥ ಜಾಗದಲ್ಲೇ. ಮೈ ಮಾಡಲು ಹೊರಟು ಸೋತ ಕೆಲಸವನ್ನೇ ಅದು ಮುಂದುವರಿಸುತ್ತದೆ. ವೈದ್ಯರು ಹೇಳಿದ ಅಳತೆಯಲ್ಲಿ, ಅವರ ನಿಗಾದಲ್ಲಿ ಕೊಟ್ಟರೆ ಕ್ಯಾನ್ಸರ್ ರೋಗಿಗೆ ಚಟ ಹತ್ತುವುದು ಅಪರೂಪ. ಮಲಬದ್ಧತೆ ಮಾತ್ರ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಕೊಡುತ್ತಾರೆ.

ದೊಡ್ಡಪ್ಪನಂಥ ಕ್ಯಾನ್ಸರ್ ರೋಗಿಗಳು ಬರುವ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಶುರುವಾದದ್ದು 1941ರಲ್ಲಿ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯ ಕನ್ನಡ ಇಂದಿಗೂ ಅದರ ಸುತ್ತಲಿನ ಫುಟ್‌ಪಾತಿನಲ್ಲಿ ಕಿವಿಗೆ ಬೀಳುತ್ತದೆ. ಅಲ್ಲಿಯ ಶಸ್ತ್ರವೈದ್ಯ ಡಾ. ಎಲ್. ಜೆ. ಡಿಸೋಜಾ 1986ರಲ್ಲಿ ಬಾಂದ್ರಾದ ಮೌಂಟ್ ಮೇರಿಯ ಬಳಿ ಶಾಂತಿ ಆವೇದನಾ ಸದನ ತೆರೆದರು. ವಾಸಿಯಾಗದ ರೋಗಿಗಳ ನೋವು ನೋಡಿಕೊಳ್ಳಲೆಂದೇ ಭಾರತದಲ್ಲಿ ಹುಟ್ಟಿದ ಮೊದಲ ಮನೆ ಅದು. ಅದಕ್ಕೆ ಒಂದು ವರ್ಷ ಮೊದಲು, 1985ರಲ್ಲಿ, ಮಾದಕ ವಸ್ತುಗಳ ಕಾನೂನು ಬಂದಿತ್ತು. ಪರವಾನಗಿಗಳ ತೊಡಕಿಗೆ ಹೆದರಿ ಎಷ್ಟೋ ಔಷಧಿ ಅಂಗಡಿಗಳು, ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಔಷಧಿಗಾಗಿ ಜಗತ್ತಿಗೆ ಅಫೀಮು ಬೆಳೆದುಕೊಡುವ ದೇಶ ನಮ್ಮದು. ನಮ್ಮದೇ ರೋಗಿಗಳು ಅದಿಲ್ಲದೆ ನರಳಿದರು. ಇದು ನನಗೆ ಸಂಕಟ ತರುವ ವಿಷಯ. 2014ರ ತಿದ್ದುಪಡಿ ನಿಯಮಗಳನ್ನು ಸಡಿಲಿಸಿತು. ಮನೆಯೊಳಗಿನ ಹೆದರಿಕೆಯನ್ನು ಯಾವ ತಿದ್ದುಪಡಿಯೂ ಸಡಿಲಿಸಲಾರದು, ಅದನ್ನು ನಾವೇ ಬಿಡಬೇಕು.

ನಮ್ಮದನ್ನು ಬಿಡಿಸಿದವರು ಒಬ್ಬ ನರ್ಸ್. ಅರ್ಧ ಗುಳಿಗೆಗಳ ಪೊಟ್ಟಣ ನೋಡಿ ಅವರು ಬೈಯಲಿಲ್ಲ. "ನೋವು ಬಂದಮೇಲೆ ಅಲ್ಲ, ಗಡಿಯಾರ ನೋಡಿ ಕೊಡಿ," ಎಂದರು, ಮರಾಠಿಯಲ್ಲಿ. ಅಂದಿನಿಂದ ಹಾಗೇ ಕೊಟ್ಟೆವು. ಮೂರನೆಯ ದಿನ ಸಂಜೆ ದೊಡ್ಡಪ್ಪ ಗೋಡೆಯಿಂದ ಈಚೆ ಹೊರಳಿದರು. ಬೆನ್ನಿಗೆ ದಿಂಬು ಕೊಡು ಎಂದರು. ಕಿಟಕಿಯ ಮೇಲೆ ಮಡಿಸಿಟ್ಟಿದ್ದ 'ಕರ್ನಾಟಕ ಮಲ್ಲ' ಪತ್ರಿಕೆಯನ್ನು ಕಣ್ಣಲ್ಲೇ ತೋರಿಸಿ, "ಗದಗಿನ ಕಡೆ ಮಳಿ ಆತೇನು, ನೋಡಿ ಹೇಳು," ಎಂದರು.

ನಾನು ಪತ್ರಿಕೆ ಬಿಡಿಸಿ ಓದತೊಡಗಿದೆ.