ರದ್ದಿಗೆ ಹಾಕುವ ಮುನ್ನ

(ಬಡಾವಣೆಯ ಗ್ರಂಥಾಲಯವೊಂದರಲ್ಲಿ ಓದುಗರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಹಳೆಯ ಪತ್ರಿಕೆ, ಪುಸ್ತಕಗಳನ್ನು ಮನೆಯಲ್ಲಿ ಜೋಪಾನ ಮಾಡುವುದು ಹೇಗೆ ಎಂದು ಹೇಳಲು ನನ್ನನ್ನು ಕರೆದಿದ್ದೀರಿ. ಅವನ್ನು ಹಾಳು ಮಾಡುವುದು ಹೇಗೆ ಎಂಬುದನ್ನು ನಾನು ಮೊದಲು ಕಲಿತೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರ ತುಂಬ ‘ಕಸ್ತೂರಿ’, ‘ಚಂದಮಾಮ’, ಒಂದಷ್ಟು ವಾರಪತ್ರಿಕೆಗಳು, ಬೆನ್ನು ಕಳಚಿದ ಅಗ್ಗದ ಕಾದಂಬರಿಗಳು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ‘ಚಂದಮಾಮ’ದ ಒಂದು ಮುಖಪುಟ ಕಣ್ಣಿಗೆ ಬಿತ್ತು. ಕೃಷ್ಣಾರ್ಜುನರ ಚಿತ್ರ. ಅದನ್ನು ಕತ್ತರಿಸಿ, ಪೇಟೆಗೆ ಒಯ್ದು ಲ್ಯಾಮಿನೇಷನ್ ಮಾಡಿಸಿ, ಪಡಸಾಲೆಯಲ್ಲಿ ಪಶ್ಚಿಮದ ಕಿಟಕಿಯ ಎದುರಿಗೆ ತೂಗುಹಾಕಿದೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕೃಷ್ಣನ ನೀಲಿ ಮೈ ಉಳಿಯಿತು, ಪೀತಾಂಬರ ಮಾಯವಾಯಿತು. ಪ್ಲಾಸ್ಟಿಕ್ಕಿನ ಒಳಗೆ ಗುಳ್ಳೆ ಎದ್ದಿತು. ಬಿಡಿಸಲು ಹೋದರೆ ಕಾಗದವೇ ಸಿಪ್ಪೆಯಂತೆ ಎದ್ದು ಬಂತು.

ಮುಂದೆ ಮನೆಯ ರಿಪೇರಿಗೆಂದು ಅಟ್ಟ ಖಾಲಿ ಮಾಡಿದಾಗ ಟ್ರಂಕಿನಲ್ಲಿದ್ದದ್ದೆಲ್ಲ ತೂಕಕ್ಕೆ ಹೋಯಿತು. ಮೇಲೆಯೇ ಇದ್ದ ಮುಖಪುಟವಿಲ್ಲದ ಸಂಚಿಕೆ ನೋಡಿ, ‘ಇದೆಲ್ಲ ಹರಿದದ್ದು’ ಎಂದು ಕೊಟ್ಟುಬಿಟ್ಟರಂತೆ. ಹರಿದವನು ನಾನು.

ಉಳಿದದ್ದು ಒಂದೇ. ಅಜ್ಜಿಯ ಬೀರುವಿನಲ್ಲಿ ಸೀರೆಗಳ ಕೆಳಗಿದ್ದ ಒಂದು ಕಟ್ಟು. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯೊಂದರ ಪುಟಗಳನ್ನು ವಾರವಾರವೂ ಬಿಡಿಸಿಟ್ಟು, ಸೂಜಿ ದಾರದಿಂದ ಹೊಲಿದು, ಕ್ಯಾಲೆಂಡರಿನ ಹಾಳೆಯನ್ನು ಹೊದಿಕೆ ಮಾಡಿದ್ದು. ನಿಮ್ಮ ಮನೆಗಳಲ್ಲಿಯೂ ಇಂಥವು ಇದ್ದಿರಬಹುದು.

ಒಂದು ವಾರದ ಆಯುಷ್ಯ

ಈ ಕಾಗದಗಳಿಗೆ ಯಾಕಿಷ್ಟು ಮಹತ್ವ? ಗಟ್ಟಿ ರಟ್ಟಿನ ಪುಸ್ತಕ ಉಳಿಯಲೆಂದೇ ಹುಟ್ಟಿದ್ದು. ವಾರಪತ್ರಿಕೆಗೆ ವಾರದ ಆಯುಷ್ಯ, ಮಾಸಿಕಕ್ಕೆ ತಿಂಗಳಿನದು. ಸಾವಿರಾರು ಪ್ರತಿ ಅಚ್ಚಾದರೂ ಆ ಬಳಿಕ ಅವು ಅಂಗಡಿಯ ಪೊಟ್ಟಣವಾದವು, ಕಪಾಟಿನ ಹಾಸುಕಾಗದವಾದವು. ಹಾಗಾಗಿ ಹೆಚ್ಚು ಜನ ಓದಿದ ಬರಹವೇ ಎಷ್ಟೋ ಸಲ ಹುಡುಕಿದರೂ ಸಿಗದಂತಾಗುತ್ತದೆ.

‘ಗ್ರಂಥಾಲಯದಲ್ಲಿ ಇರುತ್ತದಲ್ಲ’ ಎನ್ನಬಹುದು. ಇರುತ್ತದೆ, ಆದರೆ ಪೂರ್ತಿಯಾಗಿ ಇರುವುದು ಕಡಿಮೆ. ಬೈಂಡಿಂಗ್ ಮಾಡುವಾಗ ಮುಖಪುಟ ತೆಗೆಯುವುದು, ಅಂಚು ಕತ್ತರಿಸುವುದು, ಜಾಹೀರಾತಿನ ಪುಟ ಬಿಡುವುದು ಎಲ್ಲ ಕಡೆ ನಡೆದು ಬಂದದ್ದೇ. 1956ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ‘ಕಸ್ತೂರಿ’ಯಲ್ಲಿ ಪಾ.ವೆಂ. ಆಚಾರ್ಯರು ಬರೆದ ‘ಪದಾರ್ಥ ಚಿಂತಾಮಣಿ’ ಪುಸ್ತಕವಾಗಿ ದಕ್ಕಿತು. ಆದರೆ ಅದರ ಅಕ್ಕಪಕ್ಕದಲ್ಲಿದ್ದ ಸೋಪಿನ ಜಾಹೀರಾತು, ಓದುಗರ ಪತ್ರ, ಬಿಡಿ ಸಂಚಿಕೆಯ ಬೆಲೆ ಪುಸ್ತಕವಾಗುವುದಿಲ್ಲ. ಕನ್ನಡ ‘ಚಂದಮಾಮ’ 1949ರಲ್ಲಿ ಬಂತು. ಪತ್ರಿಕೆ 2013ರಲ್ಲಿ ನಿಂತಿತು. ಅದರ ಮುಖಪುಟಗಳಿಗೆ ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರಗಳನ್ನು ಇಂದು ಕಾಣಬೇಕಾದರೆ ಮುಖಪುಟ ಉಳಿದಿರುವ ಪ್ರತಿಯೇ ಬೇಕು.

ಮನೆಯಲ್ಲಿ ಉಳಿದದ್ದು ನಾಡಿಗೆ ಒದಗಿದ ದೊಡ್ಡ ನಿದರ್ಶನವೂ ನಮ್ಮಲ್ಲೇ ಇದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ತಾಳೆಗರಿಯ ಕಟ್ಟಿನಿಂದಲೇ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಅಚ್ಚು ಹಾಕಿಸಿದರು. ನಮ್ಮ ಟ್ರಂಕಿನಲ್ಲಿ ಅರ್ಥಶಾಸ್ತ್ರ ಇರಲಿಲ್ಲ ನಿಜ. ಆದರೆ ಇದ್ದದ್ದು ಏನೆಂದು ನೋಡುವ ಮೊದಲೇ ಅದು ಹೋಯಿತು.

ಕಾಗದ ಹಳದಿಯಾಗುವುದೇಕೆ?

ಹತ್ತಿ ಬಟ್ಟೆಯ ಚಿಂದಿಯಿಂದ ಮಾಡಿದ ಹಳೆಯ ಕಾಗದ ಶತಮಾನಗಳ ಕಾಲ ಬಾಳುತ್ತದೆ. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮರವನ್ನು ಅರೆದು ಕಾಗದ ಮಾಡುವ ಕ್ರಮ ಬಂತು. ಕಾಗದ ಅಗ್ಗವಾಯಿತು, ಪತ್ರಿಕೆಗಳು ಜನರ ಕೈಗೆ ಬಂದವು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದ್ದು, 1935ರಲ್ಲಿ ಇಂಗ್ಲೆಂಡಿನ ಪೆಂಗ್ವಿನ್ ಮಾಲೆ ತಲಾ ಆರು ಪೆನ್ನಿಗೆ ಪುಸ್ತಕ ಕೊಟ್ಟದ್ದು, ಎರಡೂ ಈ ಯುಗದ ಮಾತು.

ಆ ಅಗ್ಗಕ್ಕೆ ತೆತ್ತ ಬೆಲೆಯೂ ಇದೆ. ಮರದಲ್ಲಿ ಲಿಗ್ನಿನ್ ಎಂಬ ಅಂಟು ಪದಾರ್ಥ ಇರುತ್ತದೆ. ನ್ಯೂಸ್‌ಪ್ರಿಂಟ್‌ನಂಥ ಕಾಗದದಲ್ಲಿ ಅದು ಹಾಗೇ ಉಳಿದು, ಬೆಳಕು ಮತ್ತು ಗಾಳಿ ತಾಗಿದಾಗ ಹಳದಿ, ಆಮೇಲೆ ಕಂದು ಆಗುತ್ತದೆ. ಶಾಯಿ ಹರಡದಿರಲೆಂದು ಬಳಸುತ್ತಿದ್ದ ಪಟಿಕದಿಂದ ಆಮ್ಲ ಹುಟ್ಟಿ ನಾರುಗಳನ್ನು ತುಂಡರಿಸುತ್ತದೆ. ಹಳೆಯ ಪುಟ ಮಡಿಸಿದರೆ ಹಪ್ಪಳದಂತೆ ಮುರಿಯುವುದು ಇದಕ್ಕೇ. ಈ ಕ್ರಿಯೆಯನ್ನು ಮನೆಯಲ್ಲಿ ನಿಲ್ಲಿಸಲಾಗದು, ನಿಧಾನ ಮಾಡಬಹುದು.

ನಾಲ್ಕು ಶತ್ರುಗಳು

ಮೊದಲನೆಯದು ಬೆಳಕು. ಬಣ್ಣದ ಅಚ್ಚಿನಲ್ಲಿ ಹಳದಿ, ಕೆಂಪು ಬೇಗ ಮಾಸುತ್ತವೆ. ನೀಲಿ, ಕಪ್ಪು ತಾಳುತ್ತವೆ. ನನ್ನ ಕೃಷ್ಣನ ಪೀತಾಂಬರ ಹೋದದ್ದು ಹೀಗೆ. ಮಾಸಿದ ಬಣ್ಣ ಮರಳಿ ಬರುವುದಿಲ್ಲ.

ಎರಡನೆಯದು ಬಿಸಿ ಮತ್ತು ತೇವ. ಗಾಳಿಯ ತೇವಾಂಶ ಶೇಕಡ 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲವಿಡೀ ಅದಕ್ಕಿಂತ ಹೆಚ್ಚೇ ಇರುತ್ತದೆ. ಪತ್ರಿಕೆಯ ಪಿನ್ನು ತುಕ್ಕು ಹಿಡಿದು ಪುಟ ತಿನ್ನುವುದೂ ಆಗಲೇ. ಹೆಂಚಿನ, ತಗಡಿನ ಸೂರಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾದ ಬಾಣಲೆ, ಮಳೆಗಾಲದಲ್ಲಿ ಒದ್ದೆ ಬಟ್ಟೆ. ನಾವೆಲ್ಲ ಪುಸ್ತಕ ಇಡುವುದು ಅಲ್ಲಿಯೇ!

ಮೂರನೆಯದು ಜಿರಲೆ, ಗೆದ್ದಲು, ಅಂಟು ತಿನ್ನುವ ಪುಸ್ತಕದ ಹುಳುಗಳು. ಇವಕ್ಕೆ ಕತ್ತಲು, ತೇವ, ದೂಳು ಮೂರೂ ಇಷ್ಟ. ನುಸಿಗುಳಿಗೆಯ ಹೊಗೆ ಉಸಿರಾಟಕ್ಕೆ ಒಳ್ಳೆಯದಲ್ಲ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಬೇವಿನ ಎಲೆ ಇಡುವವರು ಚೆನ್ನಾಗಿ ಒಣಗಿಸಿ ಬಟ್ಟೆಯ ಚೀಲದಲ್ಲಿಡಿ. ಪುಟಗಳ ನಡುವೆ ಇಟ್ಟರೆ ಕಲೆಯಾಗುತ್ತದೆ.

ನಾಲ್ಕನೆಯದು ನಮ್ಮ ಪ್ರೀತಿ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸುತ್ತೇವೆ. ಕೆಲವು ವರ್ಷಕ್ಕೆ ಟೇಪು ಉದುರಿ ಕಂದು ಪಟ್ಟಿ ಉಳಿಯುತ್ತದೆ. ಲ್ಯಾಮಿನೇಷನ್ ಮಾಡಿಸುತ್ತೇವೆ. ಅದು ಬಿಸಿಯಿಂದ ಅಂಟುವುದರಿಂದ ಮತ್ತೆ ಬಿಡಿಸಲಾಗದು. ಮರಳಿ ಬಿಡಿಸಲಾಗದ ಯಾವ ರಿಪೇರಿಯನ್ನೂ ಮಾಡಬೇಡಿ; ಈ ಒಂದು ನಿಯಮ ನೆನಪಿಟ್ಟರೆ ಸಾಕು. ಹರಿದ ಚೂರನ್ನು ಲಕೋಟೆಗೆ ಹಾಕಿ ಆ ಸಂಚಿಕೆಯ ಜೊತೆಗೇ ಇಡಿ.

ಇಡುವುದು ಹೇಗೆ?

ಮನೆಯ ಒಳಗೋಡೆಗೆ ಹೊಂದಿದ, ನೆಲದಿಂದ ಗೇಣು ಎತ್ತರದ ಕಪಾಟು ಒಳ್ಳೆಯದು. ಬಚ್ಚಲಿನ, ಅಡುಗೆಮನೆಯ ಗೋಡೆ ಬೇಡ. ಕಪಾಟಿಗೂ ಗೋಡೆಗೂ ನಡುವೆ ಎರಡು ಬೆರಳಿನಷ್ಟು ಜಾಗ ಬಿಡಿ, ಗಾಳಿಯಾಡಲಿ. ತೆಳು ಪತ್ರಿಕೆಗಳನ್ನು ಮಲಗಿಸಿ, ಸಣ್ಣ ಸಣ್ಣ ಅಟ್ಟಿಗಳಾಗಿ ಇಡಿ. ಅಗ್ಗದ ಕಾದಂಬರಿಗಳನ್ನು ನಿಲ್ಲಿಸಿಡಿ, ಆದರೆ ಒತ್ತಾಗಿ ತುರುಕಬೇಡಿ. ಅವುಗಳ ಹಾಳೆಗಳಿಗೆ ಹೊಲಿಗೆ ಇಲ್ಲ, ಬೆನ್ನಿಗೆ ಬರೀ ಅಂಟು. ಬೆನ್ನಿನ ತುದಿ ಹಿಡಿದು ಎಳೆದರೆ, ಪೂರ್ತಿ ಬಿಡಿಸಿ ಒತ್ತಿದರೆ ಕಳಚುತ್ತದೆ.

ಹೊದಿಕೆಗೆ ಆಮ್ಲರಹಿತ ಕಾಗದ ಸಿಕ್ಕರೆ ಬಹಳ ಒಳ್ಳೆಯದು. ಪ್ಲಾಸ್ಟಿಕ್ ಬೇಕೆಂದರೆ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕೇಳಿ ತನ್ನಿ. ಹೊಸತರಲ್ಲಿ ಘಾಟು ಹೊಡೆಯುವ ಪಿವಿಸಿ ಬೇಡ. ಯಾವುದೇ ಆದರೂ ಬಾಯಿ ಅಂಟಿಸಬೇಡಿ, ಒಳಗೆ ಸಿಕ್ಕಿದ ತೇವ ಅಲ್ಲಿಯೇ ಕೊಳೆಸುತ್ತದೆ. ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ತೆಗೆದು ಅದೇ ತೂತಿನಲ್ಲಿ ಹತ್ತಿಯ ದಾರ ಪೋಣಿಸಿ ಕಟ್ಟಬಹುದು. ಅಜ್ಜಿ ಮಾಡಿದ್ದೂ ಅದನ್ನೇ.

ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಕೆಳಗಿಳಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಮಳೆ ಹಿಂದೆಗೆಯುವ ಆ ಹೊತ್ತಿಗೆ ಎಲ್ಲವನ್ನೂ ಹೊರತೆಗೆದು, ಮೆತ್ತನೆಯ ಕುಂಚದಿಂದ ದೂಳು ಕೊಡವಿ, ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಹಾಕಬೇಡಿ. ಹುಳು, ಬೂಷ್ಟು ಕಂಡದ್ದನ್ನು ಆಗಲೇ ಬೇರೆ ಮಾಡಿ.

ತೋರಿಸುವುದು ಹೇಗೆ?

ಇರುವುದನ್ನು ನಾಲ್ಕು ಜನಕ್ಕೆ ತೋರಿಸಬೇಕೆನ್ನುವುದು ಸಹಜ. ಇದಕ್ಕೂ ದಸರೆಯೇ ದಾರಿ ತೋರುತ್ತದೆ. ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳನ್ನು ಹಬ್ಬದ ದಿನಗಳಲ್ಲಿ ಕೂರಿಸಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಅದಕ್ಕೇ ಮುತ್ತಜ್ಜಿಯ ಪಟ್ಟದ ಗೊಂಬೆ ಮರಿಮಗಳವರೆಗೂ ಬಂದಿದೆ. ಪತ್ರಿಕೆಗೂ ಅದೇ ಕ್ರಮ ಇರಲಿ. ಬಿಸಿಲು ಬೀಳದ ಗೋಡೆಯಲ್ಲಿ, ಗಾಜಿಗೆ ಕಾಗದ ತಾಗದಂತೆ ನಡುವೆ ರಟ್ಟಿನ ಚೌಕಟ್ಟು ಕೊಟ್ಟು, ಕೆಲವು ವಾರ ಇಟ್ಟು ಬದಲಾಯಿಸಿ. ವರ್ಷವಿಡೀ ಗೋಡೆಯ ಮೇಲೆ ಇರಬೇಕೆಂದರೆ ಒಳ್ಳೆಯ ಬಣ್ಣದ ಪ್ರತಿ ತೆಗೆಸಿ ಅದನ್ನು ತೂಗುಹಾಕಿ, ಮೂಲ ಪೆಟ್ಟಿಗೆಯಲ್ಲಿರಲಿ.

ಈಗ ಮೊಬೈಲಿನಲ್ಲೇ ಪುಟಗಳ ಚಿತ್ರ ತೆಗೆಯಬಹುದು. ಜಾಹೀರಾತನ್ನೂ ಬಿಡಬೇಡಿ. ಮನೆಯ ಬಳಕೆಗೆ ಅಡ್ಡಿಯಿಲ್ಲ. ಊರಿಗೆಲ್ಲ ಹಂಚುವ ಮುನ್ನ ನೆನಪಿರಲಿ, ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಪ್ರತಿ ಕಟ್ಟಿನಲ್ಲೂ ಒಂದು ಚೀಟಿ ಇಡಿ. ಯಾರು ಕೊಂಡದ್ದು, ಯಾವ ಊರಿನಲ್ಲಿ, ಯಾರು ಓದುತ್ತಿದ್ದರು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ನಮ್ಮ ನಂತರ ಅದನ್ನು ಹೇಳುವವರು ಇರುವುದಿಲ್ಲ.

ಕೊನೆಗೆ ಅಜ್ಜಿಯ ಕಟ್ಟಿಗೆ ಬರುತ್ತೇನೆ. ಅದರಲ್ಲಿ ಎರಡು ಕಂತುಗಳು ಇಲ್ಲ. ಯಾಕೆಂದು ಕೇಳಿದ್ದಕ್ಕೆ ಅಜ್ಜಿ, ‘ಆ ಎರಡು ವಾರ ನಿಮ್ಮಪ್ಪ ಹುಟ್ಟಿದ್ದ ಕಣೋ, ಪತ್ರಿಕೆ ಯಾರು ತರಬೇಕಿತ್ತು?’ ಎಂದರು. ಕಥೆಯಲ್ಲಿ ಆ ನಡುವೆ ಏನಾಯಿತೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ನಾನು ಬಿಡುವಾದಾಗಲೆಲ್ಲ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಆ ಎರಡು ಸಂಚಿಕೆಗಳಿಗಾಗಿ ಹುಡುಕುತ್ತೇನೆ. ಇನ್ನೂ ಸಿಕ್ಕಿಲ್ಲ. ಯಾರದೋ ಮನೆಯ ಅಟ್ಟದಲ್ಲಿ ಇರಬಹುದು, ನಿಮ್ಮದರಲ್ಲೇ ಇರಬಹುದು. ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ.