ಋಣ ಘಾತಾಂಕ, ಭಿನ್ನ ಘಾತಾಂಕ: ಕಲಿಸುವ ಬಗೆ, ಕಲಿಯುವ ಬಗೆ

(ದಿಗ್ಗೇವಾಡಿಯಲ್ಲಿ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನನ್ನ ವಿಷಯಗಳು ಉರ್ದು ಮತ್ತು ಕನ್ನಡ. ಭಾಷೆಯ ಶಿಕ್ಷಕರು ಗಣಿತದ ಬಗ್ಗೆ ಮಾತಾಡಲು ಏಕೆ ನಿಂತರು ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಎಂಟು, ಒಂಬತ್ತನೆಯ ತರಗತಿಯಲ್ಲಿ ಘಾತಾಂಕದ ಪಾಠದಲ್ಲಿ ಎಡವಿದ ಎಷ್ಟೋ ಮಕ್ಕಳು ಎಸ್.ಎಸ್.ಎಲ್.ಸಿ. ಮುಗಿಯುವ ಹೊತ್ತಿಗೆ ‘ವಿಜ್ಞಾನ ನನ್ನಿಂದಾಗದು’ ಎಂದು ತಾವೇ ತೀರ್ಪು ಕೊಟ್ಟುಕೊಂಡಿರುತ್ತಾರೆ. ಪಿ.ಯು.ಸಿ. ವಿಜ್ಞಾನದಲ್ಲಿ ಋಣ ಘಾತಾಂಕವಿಲ್ಲದೆ ಹೆಜ್ಜೆ ಇಡಲಾಗದು. ಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲನ್ನು 10⁻⁶ ಎಂದೇ ಬರೆಯುತ್ತಾರೆ. ಶುದ್ಧ ನೀರಿನ ಪಿ.ಎಚ್. 7 ಎಂಬ ಮಾತಿನ ಹಿಂದೆಯೂ 10⁻⁷ ಇದೆ.

ಇದರಲ್ಲಿ ಭಾಷೆಯ ತೊಡಕೂ ಸೇರಿದೆ. ಉರ್ದು ಶಾಲೆಯಲ್ಲಿ ‘ಕುವ್ವತ್ ನುಮಾ’ ಎಂದು ಕಲಿತದ್ದು ಕನ್ನಡ ಪ್ರೌಢಶಾಲೆಯಲ್ಲಿ ‘ಘಾತಾಂಕ’ವಾಗುತ್ತದೆ, ಕಾಲೇಜಿನಲ್ಲಿ ‘ಎಕ್ಸ್‌ಪೋನೆಂಟ್’ ಆಗುತ್ತದೆ. ಹೆಸರು ಬದಲಾದಾಗಲೆಲ್ಲ ಪಾಠವೇ ಹೊಸದೆಂದು ಮಗು ಹೆದರುತ್ತದೆ. ಉರ್ದುವಿನ ‘ಜಜ್ರ್’, ಕನ್ನಡದ ‘ಮೂಲ’, ಇಂಗ್ಲಿಷಿನ ‘ರೂಟ್’ ಮೂರಕ್ಕೂ ಬೇರು ಎಂದೇ ಅರ್ಥ. ಇಷ್ಟನ್ನು ಹೇಳಿದರೂ ಅರ್ಧ ಭಯ ಹೋಗುತ್ತದೆ.

ಈಗ ವಿಷಯಕ್ಕೆ ಬರೋಣ. 5⁻² ಎಷ್ಟು ಎಂದು ಕೇಳಿದರೆ −25 ಅಥವಾ −10 ಎಂಬ ಉತ್ತರ ಬರುತ್ತದೆ. ನಿಯಮಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದರ ಫಲವಿದು. ಪಟ್ಟಿಯನ್ನು ಬದಿಗಿಡಿ. 2⁴ ಎಂದರೆ 16, 2³ ಎಂದರೆ 8, 2² ಎಂದರೆ 4, 2¹ ಎಂದರೆ 2. ಮೇಲಿನ ಅಂಕಿ ಒಂದು ಇಳಿದಾಗಲೆಲ್ಲ ಬೆಲೆ ಅರ್ಧವಾಗುತ್ತದೆ. ಹಾಗೆಯೇ ಇಳಿಯುತ್ತ ಹೋಗಿ. 2⁰ ಎಂದರೆ 1. ಅದನ್ನು ಒಂದು ರೂಪಾಯಿ ಎನ್ನಿ. ಅಲ್ಲಿಂದ ಕೆಳಗೆ?

ಇಲ್ಲಿ ಮನೆಯ ಅಜ್ಜಂದಿರನ್ನು ಕೇಳಿ. 1957ರ ಏಪ್ರಿಲ್ 1ರಂದು ನಯೇ ಪೈಸೆ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ. ಎಂಟಾಣೆ 2⁻¹, ನಾಲ್ಕಾಣೆ 2⁻², ಎರಡಾಣೆ 2⁻³, ಒಂದಾಣೆ 2⁻⁴. ನಾಲ್ಕಾಣೆ ಎಂದು ಕರೆಯುತ್ತಿದ್ದ 25 ಪೈಸೆಯ ನಾಣ್ಯ 2011ರಲ್ಲಿ ಚಲಾವಣೆಯಿಂದ ಹೋಯಿತು, ಆದರೆ ಮಾತಿನಲ್ಲಿ ಚಾರಾಣೆ, ಆಠಾಣೆ ಇನ್ನೂ ಉಳಿದಿವೆ. ಕಿಸೆಯಲ್ಲಿ ಚಾರಾಣೆ ಇದ್ದವನನ್ನು ಸಾಲಗಾರ ಎನ್ನುತ್ತೀರಾ? ಘಾತಾಂಕದ ಋಣ ಚಿಹ್ನೆ ಸಾಲವನ್ನು ಹೇಳುವುದಿಲ್ಲ, ಒಂದರಿಂದ ಯಾವ ಕಡೆಗೆ ನಡೆಯಬೇಕು ಎಂಬುದನ್ನಷ್ಟೇ ಹೇಳುತ್ತದೆ. ಗುಣಿಸುವಾಗ ಘಾತಾಂಕ ಕೂಡಿಸಬೇಕೆಂಬ ಹಳೆಯ ನಿಯಮವೂ ಹಾಗೆಯೇ ಉಳಿಯುತ್ತದೆ. 2³ × 2⁻³ = 2⁰. ಎಂಟು ಎರಡಾಣೆ ಸೇರಿದರೆ ಒಂದು ರೂಪಾಯಿ.

ಭಿನ್ನ ಘಾತಾಂಕಕ್ಕೆ ಹೊಲಕ್ಕೆ ಹೋಗೋಣ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ, 1089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. 1089ರ 1/2 ಘಾತ ಎಂದರೆ 1089ರ ಅರ್ಧವಲ್ಲ. 1/2 ಮತ್ತು 1/2 ಕೂಡಿದರೆ 1. ಆದ್ದರಿಂದ ತನ್ನಿಂದಲೇ ಗುಣಿಸಿದಾಗ 1089 ಕೊಡುವ ಸಂಖ್ಯೆ ಬೇಕು. ಅದು 33, ಗುಂಟೆಯ ಒಂದು ಬದಿ.

ಇನ್ನೊಂದು ಪ್ರಶ್ನೆ ಕೇಳಿ. 2⁰ ಎಂದರೆ 1, 2¹ ಎಂದರೆ 2. ನಡುವಿನ ಮೆಟ್ಟಿಲು, 2ರ 1/2 ಘಾತ, ಎಷ್ಟು? ಮಕ್ಕಳು ಒಂದೂವರೆ ಎನ್ನುತ್ತಾರೆ. ತಕ್ಷಣ ತಪ್ಪೆನ್ನಬೇಡಿ, ಗುಣಿಸಿ ನೋಡಲು ಹೇಳಿ. 1.5 × 1.5 = 2.25, ಹೆಚ್ಚಾಯಿತು. ಬೇಕಾದದ್ದು ಸುಮಾರು 1.414.

ಈ ಸಂಖ್ಯೆ ನಿಮ್ಮ ಕೈಯಲ್ಲೇ ಇದೆ. ಜೆರಾಕ್ಸ್ ಅಂಗಡಿಯ ಎ4 ಹಾಳೆಯ ಉದ್ದ 297 ಮಿ.ಮೀ., ಅಗಲ 210 ಮಿ.ಮೀ. ಭಾಗಿಸಿದರೆ 1.414. ಉದ್ದದ ಬದಿಯನ್ನು ನಡುವೆ ಮಡಿಸಿ ಅರ್ಧ ಮಾಡಿದರೂ ಆಕಾರ ಅದೇ. ಬೇರೆ ಯಾವ ಅಳತೆ ಹಿಡಿದರೂ ಹೀಗಾಗದು, ನೋಟುಬುಕ್ಕಿನ ಹಾಳೆ ಮಡಿಸಿ ಪರೀಕ್ಷಿಸಿ. ಇನ್ನು ಆ ‘4’ ಏನು? ಎ0 ಎಂಬ ದೊಡ್ಡ ಹಾಳೆ ಒಂದು ಚದರ ಮೀಟರ್. ಅದನ್ನು ನಾಲ್ಕು ಸಲ ಅರ್ಧ ಮಾಡಿದರೆ ಎ4. ಅಂದರೆ 2⁻⁴ ಚದರ ಮೀಟರ್, ಚದರ ಮೀಟರನ್ನು ರೂಪಾಯಿ ಎಂದರೆ ಒಂದಾಣೆ. ಋಣ ಘಾತಾಂಕ, ಭಿನ್ನ ಘಾತಾಂಕ ಎರಡೂ ಒಂದೇ ಹಾಳೆಯಲ್ಲಿ ಸಿಕ್ಕವು. ಇದಕ್ಕಿಂತ ಅಗ್ಗದ ಪಾಠೋಪಕರಣ ನನಗೆ ಗೊತ್ತಿಲ್ಲ.

ಇದು ಒಬ್ಬರೇ ಒಂದು ದಿನದಲ್ಲಿ ಕಂಡುಕೊಂಡದ್ದಲ್ಲ. 12ನೆಯ ಶತಮಾನದ ಬಗ್ದಾದಿನ ಅಸ್ಸಮವ್‌ಅಲ್ ‘ಅಲ್ ಬಾಹಿರ್’ ಗ್ರಂಥದಲ್ಲಿ ಒಂದರ ಎರಡೂ ಬದಿಗೆ ಘಾತಗಳ ಪಟ್ಟಿ ಜೋಡಿಸಿದ್ದರು. ನಮ್ಮ ನಾಡಿನಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದರು. ಆ ಎಚ್ಚರ ಇಂದಿಗೂ ಬೇಕು: ಭಿನ್ನ ಘಾತಾಂಕದ ಈ ಅಭ್ಯಾಸದಲ್ಲಿ ಕೆಳಗಿನ ಸಂಖ್ಯೆ ಧನವೇ ಆಗಿರಲಿ.

ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು, ಅದೂ ಬಾಯಿಲೆಕ್ಕ. ಛೇದ ಮೂಲವನ್ನು ಹೇಳುತ್ತದೆ, ಅಂಶ ಘಾತವನ್ನು ಹೇಳುತ್ತದೆ, ಋಣ ಚಿಹ್ನೆ ತಿರುವಿ ಹಾಕಲು ಹೇಳುತ್ತದೆ. ಮೂಲವನ್ನು ಮೊದಲು ತೆಗೆಯಿರಿ. 27ರ 4/3 ಘಾತಕ್ಕೆ ಮೊದಲು ಘನಮೂಲ 3, ಆಮೇಲೆ 3⁴ = 81. ಮೊದಲೇ 27⁴ ಮಾಡಹೊರಟರೆ 531441 ಬಂದು ಕೂರುತ್ತದೆ. 16ರ −3/4 ಘಾತ? ನಾಲ್ಕನೆಯ ಮೂಲ 2, ಘನ 8, ತಿರುವಿದರೆ 1/8. ಮತ್ತೆ ಅದೇ ಎರಡಾಣೆ.

ವಿದ್ಯಾರ್ಥಿಗಳೇ, ಇಂದು ರಾತ್ರಿ 64ನ್ನು ಹಿಡಿಯಿರಿ. ಅದರ 1/2 ಘಾತ, 1/3 ಘಾತ, 1/6 ಘಾತ ಕಂಡುಹಿಡಿಯಿರಿ. 1/2, 1/3, 1/6 ಮೂರನ್ನೂ ಕೂಡಿಸಿ ನೋಡಿ. ಆಮೇಲೆ ಬಂದ ಮೂರು ಉತ್ತರಗಳನ್ನು ಒಂದಕ್ಕೊಂದು ಗುಣಿಸಿ, ಎಷ್ಟಾಯಿತೆಂದು ನಾಳೆ ನಿಮ್ಮ ಗಣಿತದ ಶಿಕ್ಷಕರಿಗೆ ತೋರಿಸಿ.