ಬೆಳೆ ಹೋದ ವರ್ಷದ ಮದುವೆ



ಅಡಿಕೆ ಧಾರಣೆ, ಸಾಲದ ಬಡ್ಡಿ, ಇವುಗಳ ಲೆಕ್ಕ ನಮಗೆ ಬಾಯಿಪಾಠ. ಆ ಲೆಕ್ಕದಲ್ಲಿ ನಾವು ಬರೆಯದೇ ಬಿಟ್ಟ ಒಂದು ಬಾಬ್ತನ್ನು ಇವತ್ತು ಹೇಳ್ತೀನಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮಳೆ ಈಗ ನಾವು ನಂಬಿದ್ದ ಮಳೆಯಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರವೇ ಸಾರಿತು. ಮರುವರ್ಷ ಜುಲೈನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಹೊಳವಾಗದಿದ್ದರೆ ಬೋರ್ಡೋ ಹೊಡೆಯುವುದು ಹೇಗೆ? ಕೊಳೆ ಬಂತು. ಎಲೆಚುಕ್ಕೆಯಂತೂ ಮೊದಲೇ ತೋಟದೊಳಗೆ ಕೂತಿತ್ತು.

ಫಸಲು ಅರ್ಧಕ್ಕಿಳಿದರೆ ನಮಗೆ ಸೊಸೈಟಿ ಸಾಲ ಸುಸ್ತಿ. ಅಡಿಕೆ ಸುಲಿಯಲು ಬರುವವರಿಗೆ ಕೂಲಿಯೇ ಇಲ್ಲ. ಆಗ ಮೊದಲು ನಿಲ್ಲುವುದು ಹುಡುಗಿಯ ಓದು. ಕಾಲೇಜು ಇರುವುದು ಪೇಟೆಯಲ್ಲಿ. ಓದು ನಿಂತ ಹುಡುಗಿ ಮನೆಗೆ ಭಾರ ಅನ್ನಿಸುತ್ತಾಳೆ. “ಹೆಂಗೂ ಅಕ್ಕನ ಮದುವೆಗೆ ಚಪ್ಪರ ಹಾಕಿದೆ, ತಂಗಿಯದೂ ಅದರಲ್ಲೇ ಮುಗೀಲಿ, ಒಂದೇ ಖರ್ಚು” ಅಂತಾರೆ. ತಂಗಿಗೆ ಹದಿನಾರು.

ಅಂಥ ಚಪ್ಪರದಡಿ ನಾನೂ ಉಂಡು ಬಂದಿದ್ದೇನೆ. ನಮ್ಮ ತೋಟಕ್ಕೆ ಬರುತ್ತಿದ್ದವರ ಮಗಳು. ಆ ವರ್ಷ ಕೊಳೆ ಬಂದು, ಸುಲಿಯೋಕೆ ಬರೋದು ಬೇಡ ಅಂದವನೂ ನಾನೇ. ಹುಡುಗಿಯ ವಯಸ್ಸು ಕೇಳಲಿಲ್ಲ. ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಇದು ಬಯಲುಸೀಮೆಯ ಪಿಡುಗು, ನಮ್ಮದಲ್ಲ ಅನ್ನಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. 2006ರ ಕಾಯ್ದೆ ಇದೆ. ರಾಜ್ಯದ ತಿದ್ದುಪಡಿ ಬಂದ ಮೇಲೆ, 2017ರಿಂದ, ಇಂಥ ಮದುವೆ ನಮ್ಮಲ್ಲಿ ಮದುವೆಯೇ ಅಲ್ಲ, ಅಸಿಂಧು. ಮಾಡಿಸಿದವರಿಗೆ ಎರಡು ವರ್ಷದ ತನಕ ಜೈಲು.

ಆದರೆ ಬರೀ ಕಾಯ್ದೆಯಿಂದ ಒಲೆ ಉರಿಯೋದಿಲ್ಲ. ಬೆಳೆ ಹೋದ ವರ್ಷವೇ ವಿಮೆ ಹಣ ಕೈಗೆ ಬರಬೇಕು, ಸಾಲದ ವಸೂಲಿ ನಿಲ್ಲಬೇಕು. ಕೂಲಿ ಕಳಕೊಂಡ ಮನೆಗೂ ಪರಿಹಾರ ಸಿಗಬೇಕು. ನಮ್ಮ ಬೇಡಿಕೆ ಪಟ್ಟಿಯಲ್ಲಿ ಇದನ್ನೂ ಸೇರಿಸೋಣ.

ನಮ್ಮ ಪಾಲಿನ ಕೆಲಸವೂ ಉಂಟು. ಮಂತ್ರಮಾಂಗಲ್ಯ ಹೇಳಿಕೊಟ್ಟ ಕುವೆಂಪು ತೀರ್ಥಹಳ್ಳಿ ತಾಲ್ಲೂಕಿನವರೇ. ಸಾಲ ಮಾಡಿ ಮದುವೆ ಮಾಡಬೇಡಿ ಅಂತ ರೈತ ಚಳವಳಿಯೂ ಹೇಳಿಕೊಂಡೇ ಬಂದಿದೆ. ಖರ್ಚಿನ ಭಯ ಹೋದರೆ ಅವಸರವೂ ಹೋಗುತ್ತದೆ. ಹುಡುಗಿ ಓದಲಿ, ಹದಿನೆಂಟು ದಾಟಲಿ, ಅವಳೇ ಒಪ್ಪಲಿ. ಆಮೇಲೆ ಎರಡು ಹಾರದಲ್ಲಿ ಮುಗಿಸೋಣ.

ಮುಂದಿನ ಸಲ ಚಪ್ಪರಕ್ಕೆ ಕರೆ ಬಂದಾಗ ವಯಸ್ಸು ಕೇಳಿ. ಮಾತಿಗೆ ಬಗ್ಗದಿದ್ದರೆ 1098ಕ್ಕೆ ಫೋನು ಮಾಡಿ. ನಾನು ಕೇಳದೇ ಉಂಡೆ. ನೀವು ಕೇಳಿ.